ಕಪ್ಪುಶಕ್ತಿ: ಪ್ರಯೋಗಕ್ಕೆ ಅಂಕ ಹಾಕುವುದು ಹೇಗೆ?

ಪ್ರಶ್ನೆ: ಕಪ್ಪುಶಕ್ತಿ, ಅಂದರೆ ಡಾರ್ಕ್ ಎನರ್ಜಿ, ಏನೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಹಾಗಿದ್ದ ಮೇಲೆ ಒಂದು ಪ್ರಯೋಗ ಇನ್ನೊಂದಕ್ಕಿಂತ ಚೆನ್ನಾಗಿ ಅದರ ಗುಟ್ಟು ಬಿಡಿಸುತ್ತದೆ ಎಂದು ಮೊದಲೇ ಹೇಗೆ ಹೇಳುತ್ತಾರೆ?
– ಪಿಯು ಉಪನ್ಯಾಸಕಿ, ಧಾರವಾಡ

ಉತ್ತರ: ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಸೂಪರ್‌ನೋವಾಗಳು ತೋರಿಸಿಕೊಟ್ಟ ಮೇಲೆ, ಅದಕ್ಕೆ ಕಾರಣವೆನ್ನಲಾದ ಕಪ್ಪುಶಕ್ತಿಯನ್ನು ಅರಿಯಲು ಹೊಸ ಯೋಜನೆಗಳು ಸಾಲುಗಟ್ಟಿದವು. ಪ್ರತಿಯೊಂದೂ ತಾನೇ ಮೇಲು ಎನ್ನುತ್ತಿತ್ತು. ಹಣ ಯಾವುದಕ್ಕೆ ಕೊಡಬೇಕು? ಇದಕ್ಕಾಗಿ ಅಮೆರಿಕದಲ್ಲಿ ನೇಮಕವಾದ ‘ಡಾರ್ಕ್ ಎನರ್ಜಿ ಟಾಸ್ಕ್ ಫೋರ್ಸ್’ 2006ರಲ್ಲಿ ವರದಿ ಕೊಟ್ಟಿತು. ಎಲ್ಲ ಯೋಜನೆಗಳನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದದ್ದು ಆ ವರದಿಯ ದೊಡ್ಡ ಕೊಡುಗೆ ಎಂದು ನನ್ನ ಎಣಿಕೆ.

ಕಪ್ಪುಶಕ್ತಿಯ ಒತ್ತಡವನ್ನು ಅದರ ಸಾಂದ್ರತೆಯಿಂದ ಭಾಗಿಸಿದರೆ ‘ಡಬ್ಲ್ಯೂ’ ಎಂಬ ಸಂಖ್ಯೆ ಸಿಗುತ್ತದೆ. ಐನ್‌ಸ್ಟೈನ್ ಹೇಳಿದ ವಿಶ್ವ ಸ್ಥಿರಾಂಕವೇ ಕಪ್ಪುಶಕ್ತಿಯಾಗಿದ್ದರೆ ಅದು ಎಂದೆಂದಿಗೂ -1. ಬೇರೇನೋ ಆಗಿದ್ದರೆ ಕಾಲಕ್ಕೆ ತಕ್ಕಂತೆ ಬದಲಾಗಬಹುದು. ಹೀಗಾಗಿ ಎರಡು ಸಂಖ್ಯೆ ಬೇಕು: ಇವತ್ತಿನ ಬೆಲೆ ಒಂದು, ಬದಲಾಗುವ ಪರಿಯನ್ನು ಹೇಳುವುದು ಇನ್ನೊಂದು. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಹಿಡಿದು ನಕ್ಷೆ ಬರೆದರೆ, ಪ್ರಯೋಗದ ಅನಿಶ್ಚಿತತೆ ಅಲ್ಲಿ ಒಂದು ದೀರ್ಘವೃತ್ತವಾಗಿ ಮೂಡುತ್ತದೆ. ದೀರ್ಘವೃತ್ತ ಕಿರಿದಾದಷ್ಟೂ ಅಂಕ ಹೆಚ್ಚು. ‘ಫಿಗರ್ ಆಫ್ ಮೆರಿಟ್’ ಅನ್ನುವುದು ಇದನ್ನೇ, ವಿಸ್ತೀರ್ಣದ ವ್ಯುತ್ಕ್ರಮವನ್ನು. ಕಳೆದುಹೋದ ಎಮ್ಮೆ ಊರಲ್ಲೆಲ್ಲೋ ಇದೆ ಎನ್ನುವುದಕ್ಕೂ ಈ ಹೊಲದಲ್ಲೇ ಇದೆ ಎನ್ನುವುದಕ್ಕೂ ಇರುವ ಅಂತರ ಅದು. ಎರಡೂ ಸಂಖ್ಯೆಗಳ ಅನಿಶ್ಚಿತತೆ ಅರ್ಧಕ್ಕಿಳಿದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ, ಅಂಕ ನಾಲ್ಕು ಪಟ್ಟಾಗುತ್ತದೆ. ಉಪಕರಣ ಎಷ್ಟು ಗ್ಯಾಲಕ್ಸಿಗಳನ್ನು ಎಷ್ಟು ನಿಖರವಾಗಿ ನೋಡಬಲ್ಲದು ಎಂದು ಗೊತ್ತಿದ್ದರೆ ಈ ದೀರ್ಘವೃತ್ತವನ್ನು ಕಾಗದದ ಮೇಲೇ ಲೆಕ್ಕ ಹಾಕಬಹುದು. ಆಗ ನಡೆಯುತ್ತಿದ್ದ ಪ್ರಯೋಗಗಳಿಗಿಂತ ಮುಂದಿನ ಹಂತದವು ಕನಿಷ್ಠ ಮೂರು ಪಟ್ಟು, ಅದರಾಚೆಯವು ಹತ್ತು ಪಟ್ಟು ಅಂಕ ಗಳಿಸಬೇಕೆಂದು ಸಮಿತಿ ಗುರಿ ಇಟ್ಟಿತು.

ಪ್ರಶ್ನೆ: ಹಾಗಾದರೆ ಅಂಕ ಹೆಚ್ಚಿದ್ದ ಪ್ರಯೋಗದ ಮಾತೇ ಸರಿಯೆ? ಕಪ್ಪುಶಕ್ತಿ ಕುಗ್ಗುತ್ತಿದೆ ಎಂಬ ಸುದ್ದಿ ನಂಬಬಹುದೆ?
– ಬಿ.ಎಸ್ಸಿ. ವಿದ್ಯಾರ್ಥಿ, ಹಾಸನ

ಉತ್ತರ: ಇಲ್ಲ. ದೀರ್ಘವೃತ್ತ ಪುಟ್ಟದಾಗಿದ್ದೂ ತಪ್ಪು ಜಾಗದಲ್ಲಿ ಕೂತಿರಬಹುದು. ಹತ್ತಿರದ ಸೂಪರ್‌ನೋವಾಗಳನ್ನು ಅಳೆದ ದೂರದರ್ಶಕಗಳು ಬೇರೆ, ದೂರದವನ್ನು ಅಳೆದವು ಬೇರೆ. ಇವುಗಳ ಹೊಳಪಿನ ಅಳತೆ ಒಂದಕ್ಕೊಂದು ಕೆಲವೇ ಶೇಕಡಾ ತಾಳೆಯಾಗದಿದ್ದರೂ, ಡಬ್ಲ್ಯೂ ಬದಲಾದಂತೆ ಕಂಡೀತು. ಇನ್ನೊಂದು ಮಿತಿಯೂ ಇದೆ: ಡಬ್ಲ್ಯೂ ಏರಿಳಿಯುತ್ತಾ ಸಾಗಿದ್ದರೆ ಎರಡೇ ಸಂಖ್ಯೆಗಳಿಗೆ ಅದು ಸಿಗುವುದಿಲ್ಲ. 2009ರಲ್ಲಿ ಇನ್ನೊಂದು ತಂಡ ವಿಶ್ವದ ಇತಿಹಾಸವನ್ನು 36 ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಡಬ್ಲ್ಯೂ ಬೇರೆಯೇ ಇರಬಹುದೆಂದು ಹಿಡಿದು ಲೆಕ್ಕ ಹಾಕಬೇಕೆಂದದ್ದು ಇದಕ್ಕೇ.

ನೀವು ಓದಿದ ಸುದ್ದಿ ಅರಿಜೋನಾದ ಕಿಟ್ ಪೀಕ್ ಶಿಖರದ ‘ಡೆಸಿ’ ಉಪಕರಣದ್ದು. ಅದರಲ್ಲಿ 5000 ಆಪ್ಟಿಕಲ್ ಫೈಬರ್‌ಗಳಿವೆ. ಒಂದೊಂದನ್ನೂ ಪುಟ್ಟ ರೋಬೋ ಒಂದು ಗ್ಯಾಲಕ್ಸಿಯತ್ತ ತಿರುಗಿಸುತ್ತದೆ. 2025ರ ಮಾರ್ಚ್‌ನಲ್ಲಿ ತಂಡ 1.4 ಕೋಟಿಗೂ ಹೆಚ್ಚು ಗ್ಯಾಲಕ್ಸಿ ಮತ್ತು ಕ್ವೇಸಾರ್‌ಗಳ ಫಲಿತಾಂಶ ಪ್ರಕಟಿಸಿತು. ಸೂಪರ್‌ನೋವಾ ಮತ್ತು ವಿಶ್ವದ ಹಿನ್ನೆಲೆ ವಿಕಿರಣದ ಮಾಹಿತಿ ಸೇರಿಸಿದಾಗ ಡಬ್ಲ್ಯೂ ಈಗ -1ಕ್ಕಿಂತ ಮೇಲೆ, ಹಿಂದೆ ಕೆಳಗೆ ಇದ್ದಂತೆ ಕಾಣುತ್ತದೆ. ಆದರೆ ಯಾವ ಸೂಪರ್‌ನೋವಾ ಪಟ್ಟಿ ಸೇರಿಸಿದರು ಎನ್ನುವುದರ ಮೇಲೆ ಈ ಸುಳಿವಿನ ಬಲ 2.8 ಸಿಗ್ಮಾದಿಂದ 4.2 ಸಿಗ್ಮಾವರೆಗೆ ಏರಿಳಿಯುತ್ತದೆ. ಭೌತವಿಜ್ಞಾನಿಗಳು ಆವಿಷ್ಕಾರ ಎಂದು ಒಪ್ಪುವುದು 5 ಸಿಗ್ಮಾ ದಾಟಿದ ಮೇಲೆ. ಪಟ್ಟಿ ಬದಲಾದರೆ ಉತ್ತರದ ಬಲವೂ ಬದಲಾಗುತ್ತಿರುವಾಗ ನಾನಂತೂ ಇದನ್ನು ಸಾಬೀತಾದ ಸಂಗತಿ ಎನ್ನಲಾರೆ. ಗ್ಯಾಲಕ್ಸಿಗಳ ಆಕಾರದಲ್ಲಿನ ಸೂಕ್ಷ್ಮ ತಿರುಚುವಿಕೆಯನ್ನು ಅಳೆಯುವ ಯೂಕ್ಲಿಡ್ ಮತ್ತು ಚಿಲಿಯ ರೂಬಿನ್ ವೀಕ್ಷಣಾಲಯಗಳ ದಾರಿ ಬೇರೆ. ಅವೂ ಇದನ್ನೇ ಹೇಳಿದರೆ ಮಾತು ಗಟ್ಟಿ.

ಡೆಸಿಯ ಮೊದಲ ವರ್ಷದ ಮಾಹಿತಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಪೈಥಾನ್ ಕಲಿತಿದ್ದರೆ ಇಳಿಸಿಕೊಂಡು, ಆ ದೀರ್ಘವೃತ್ತವನ್ನು ನೀವೇ ಒಮ್ಮೆ ಬರೆದು ನೋಡಿ.