ಖಾಸೆಖೆಮ್ವಿಯ ಮಣ್ಣಿನ ಪ್ರಾಕಾರ: ಮಾಡಬೇಕಾದ್ದು, ಮಾಡಬಾರದ್ದು

ಈಜಿಪ್ಟಿನ ಅಬಿಡೋಸ್‌ಗೆ ಹೋಗುವ ಕನ್ನಡ ಪ್ರವಾಸಿಗರಿಗೂ ಅವರನ್ನು ಕರೆದೊಯ್ಯುವ ಟೂರ್ ಮ್ಯಾನೇಜರ್‌ಗಳಿಗೂ ಈ ಸೂಚನೆ.

ಲಕ್ಸರ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವವರು ಸಾಮಾನ್ಯವಾಗಿ ಸೇತಿ ದೊರೆಯ ದೇವಾಲಯ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ಉತ್ತರದ ಕಡೆಗೆ, ಮರುಭೂಮಿಯ ಅಂಚಿನಲ್ಲಿ ಎದ್ದು ನಿಂತಿರುವ ಕಂದು ಗೋಡೆಗಳೇ ಶೂನೆತ್ ಎಲ್-ಝೆಬೀಬ್. ಎರಡನೇ ರಾಜವಂಶದ ಕೊನೆಯ ಅರಸ ಖಾಸೆಖೆಮ್ವಿ ತನ್ನ ಉತ್ತರಕ್ರಿಯೆಗಳಿಗೆಂದು ಇದನ್ನು ಕಟ್ಟಿಸಿ ಸುಮಾರು 4,700 ವರ್ಷಗಳಾದವು. ಗೀಜಾದ ಮಹಾ ಪಿರಮಿಡ್ಡು ಇದಕ್ಕಿಂತ ಕಿರಿಯದು. ಮುಖ್ಯ ಗೋಡೆ ಸುಮಾರು 5 ಮೀಟರ್ ದಪ್ಪ. ಕೆಲವೆಡೆ ಇಂದಿಗೂ 11 ಮೀಟರ್ ಎತ್ತರಕ್ಕೆ ನಿಂತಿದೆ. ಒಂದು ಇಟ್ಟಿಗೆಯನ್ನೂ ಸುಟ್ಟಿಲ್ಲ. ನೈಲ್ ನದಿಯ ಮೆಕ್ಕಲು, ಮರಳು, ಹುಲ್ಲು, ನೀರು, ಬಿಸಿಲು: ಇಷ್ಟರಿಂದಲೇ ಆದದ್ದು.

ಅನುಮತಿ ಕೇಳಿಯೇ ಹೋಗಿ. ದೇವಾಲಯದ ಟಿಕೆಟ್ಟು ಕೈಯಲ್ಲಿದೆ ಎಂದು ಮರಳಿನತ್ತ ನಡೆದುಬಿಡಬೇಡಿ. ಇದು ಉತ್ಖನನ ನಡೆದಿರುವ ಜಾಗ. ಕಾವಲಿನ ಗಫೀರ್ ಬೇಡವೆಂದರೆ ಮಾತು ಅಲ್ಲಿಗೆ ಮುಗಿಯಿತು. ಅವನ ಕೈಗೆ ಬಕ್ಷೀಸು ತುರುಕಿ ಒಳಗೆ ನುಸುಳುವುದು ಜಾಣತನವಲ್ಲ, ಅವನ ಕೆಲಸಕ್ಕೇ ಕುತ್ತು ತರುವ ಕೇಡು. ಈಜಿಪ್ಟಿನ ಪುರಾತತ್ವ ರಕ್ಷಣೆಗೆ 1983ರ 117ನೇ ಕಾನೂನಿದೆ. ಅದು ವಿದೇಶಿಯರಿಗೂ ಅನ್ವಯಿಸುತ್ತದೆ.

ಗೋಡೆ ಹತ್ತಬೇಡಿ, ಒರಗಬೇಡಿ, ಬುಡದಲ್ಲಿ ಕೂರಬೇಡಿ. ಮೂರರಲ್ಲಿ ಕೊನೆಯದನ್ನೇ ಜನ ಹಗುರಾಗಿ ತೆಗೆದುಕೊಳ್ಳುತ್ತಾರೆ. ಹಳ್ಳಿಯ ಮಣ್ಣಿನ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುವಂತೆ ಇಂಥ ಗೋಡೆ ಮೊದಲು ಸೋಲುವುದು ಬುಡದಲ್ಲಿ. ಗಾಳಿ ತಂದ ಮರಳು ಅಲ್ಲೇ ಉಜ್ಜುತ್ತದೆ, ಪ್ರಾಣಿಗಳು ಬಿಲ ತೋಡುವುದೂ ಅಲ್ಲೇ. ಶೂನೆತ್‌ನಲ್ಲಿ ಮನುಷ್ಯರ ಕೈಯೂ ಸೇರಿದೆ. ಕ್ರೈಸ್ತ ಸನ್ಯಾಸಿಗಳು ಇಲ್ಲಿ ವಾಸವಾಗಿದ್ದ ಕಾಲದಲ್ಲಿ ಗೋಡೆಯನ್ನೇ ಕೊರೆದು ಕೋಣೆ ಮಾಡಿಕೊಂಡಿದ್ದರು. ಮೇಲೆ ಆರಾಳೆತ್ತರದ ಭಾರ, ಕೆಳಗೆ ಪೊಳ್ಳು. ನೆರಳಿದೆ ಎಂದು ಅದರಡಿ ಕೂತು ಊಟದ ಪೊಟ್ಟಣ ಬಿಚ್ಚುವವರು ಗೋಡೆಯ ಜೊತೆ ತಮ್ಮ ಜೀವವನ್ನೂ ಪಣಕ್ಕಿಡುತ್ತಾರೆ.

ಗೂಡುಗಳನ್ನು ನಿಧಾನವಾಗಿ ನೋಡಿ. ಹೊರಮೈ ಚಪ್ಪಟೆಯಲ್ಲ, ಒಳಕ್ಕೂ ಹೊರಕ್ಕೂ ಮಡಚಿದಂತೆ ಸಾಲು ಗೂಡುಗಳಿವೆ. ನದಿಯ ಕಡೆಗಿನ ಮುಖದಲ್ಲಿ ಈ ಅಲಂಕಾರ ಹೆಚ್ಚು: ಮೂರು ಸಾದಾ ಗೂಡುಗಳಾದ ಮೇಲೆ ಒಂದು ಆಳದ ಗೂಡು, ಮತ್ತೆ ಮೂರು, ಮತ್ತೊಂದು. ಒಂದು ಕಾಲಕ್ಕೆ ಇದರ ಮೇಲೆಲ್ಲ ಬಿಳಿಯ ಗಿಲಾವು ಇತ್ತು. ಬೆಳಗಿನ ಓರೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದ ಅರಸನ ಗೋಡೆ ಇದು ಎಂದು ನೆನೆಯಿರಿ. ಆಗ ಈ ಕಂದು ಮಣ್ಣನ್ನು ಹಾಳುಗೋಡೆ ಎನ್ನಲು ಬಾಯಿ ಬರುವುದಿಲ್ಲ. ಗಿಲಾವಿನ ಚೂರು ಎಲ್ಲಾದರೂ ಕಂಡರೆ ಉಗುರಿನಿಂದ ಕೆರೆಯಬೇಡಿ. ಫೋಟೋ ತೆಗೆಯಿರಿ, ಸಾಕು. ಡ್ರೋನ್ ಮಾತ್ರ ತರಲೇಬೇಡಿ.

ರಾಜನ ಸಮಾಧಿಯನ್ನು ಇಲ್ಲಿ ಹುಡುಕಬೇಡಿ. ಅದಿರುವುದು ಮರುಭೂಮಿಯ ಇನ್ನೂ ಒಳಗೆ, ಉಮ್ ಎಲ್-ಕಾಬ್‌ನಲ್ಲಿ. ಪ್ರಾಕಾರದೊಳಗೆ ಬಯಲು ಕಂಡು ‘ಏನೂ ಇಲ್ಲವಲ್ಲ’ ಎಂದು ಗೈಡನ್ನು ಅವಸರಿಸುವುದೂ ತಪ್ಪು. ಮೊದಲ ರಾಜವಂಶದ ಅರಸರೂ ಅಬಿಡೋಸ್‌ನಲ್ಲಿ ಇಂಥ ಪ್ರಾಕಾರಗಳನ್ನು ಕಟ್ಟಿಸಿದ್ದರು. ಬಳಕೆ ಮುಗಿದ ಸ್ವಲ್ಪ ಕಾಲದಲ್ಲೇ ಅವನ್ನು ಉದ್ದೇಶಪೂರ್ವಕವಾಗಿ ಕೆಡವಿದಂತಿದೆ. ಅಲ್ಲಿನ ರಾಜಪ್ರಾಕಾರಗಳಲ್ಲಿ ಈ ಎತ್ತರಕ್ಕೆ ಉಳಿದು ಬಂದದ್ದು ಇದೊಂದೇ.

ಸುತ್ತಲಿನ ಮರಳಿನ ಮೇಲೆ ವಾಹನ ಓಡಿಸಬೇಡಿ, ಅಡ್ಡದಾರಿ ತುಳಿಯಬೇಡಿ. ಪ್ರಾಕಾರದ ಹೊರಗೇ, 1991ರಲ್ಲಿ, ಮಣ್ಣಿನ ಇಟ್ಟಿಗೆಯ ಕವಚದೊಳಗೆ ಹೂತ ಮರದ ದೋಣಿಗಳು ಬೆಳಕಿಗೆ ಬಂದವು. ಒಟ್ಟು ಹದಿನಾಲ್ಕು, ಸಾಲಾಗಿ ಮಲಗಿಸಿದಂತೆ. ಹಲಗೆಗಳಿಗೆ ತೂತು ಕೊರೆದು ಹಗ್ಗದಿಂದ ಹೊಲಿದ ದೋಣಿಗಳವು. ಬಯಲಿಗೆ ತೆರೆದಿಟ್ಟರೆ ಆ ಮರ ಉಳಿಯದು. ಮರಳಿನ ಹೊದಿಕೆಯೇ ಅವುಗಳ ರಕ್ಷೆ. ಬರಿಯ ಬಯಲಿನಂತೆ ಕಾಣುವ ನೆಲದ ಮೇಲೆ ಜೀಪಿನ ಚಕ್ರ ಹೊರಳಿದರೆ ಏನಾದೀತು, ಯೋಚಿಸಿ.

ಮಡಕೆ ಚೂರು, ಇಟ್ಟಿಗೆಯ ತುಂಡು ಯಾವುದನ್ನೂ ಎತ್ತಬೇಡಿ. ಅರಸನ ಕಾಲ ಕಳೆದು ಎಷ್ಟೋ ಶತಮಾನಗಳ ನಂತರ ಜನ ಇಲ್ಲಿ ಪವಿತ್ರ ಐಬಿಸ್ ಹಕ್ಕಿಗಳನ್ನು ಮಡಕೆಗಳಲ್ಲಿಟ್ಟು ಹೂತರು. ನಿಮ್ಮ ಕಾಲಿಗೆ ತಾಗಿದ ಚೂರು ಅಂಥ ಮಡಕೆಯದಿರಬಹುದು. ಅದು ಎಲ್ಲಿ ಬಿದ್ದಿತ್ತು ಎಂಬುದೇ ಅದರ ಅರ್ಧ ಬೆಲೆ.

ಇನ್ನು ದುರಸ್ತಿಯ ವಿಚಾರ. ಹಣ, ಹಳೆಯದರ ಮೇಲಿನ ಪ್ರೀತಿ ಎರಡೂ ಇರುವವರು ಕೇಳುವುದುಂಟು: ಸಿಮೆಂಟು ಮೆತ್ತಿ ಗಟ್ಟಿಮಾಡಬಾರದೇ? ಕೂಡದು. ಸಿಮೆಂಟು ತೇವವನ್ನು ಹೊರಬಿಡುವುದಿಲ್ಲ. ನೆಲದಿಂದ ಏರಿದ ಒದ್ದೆ ಅದರ ಹಿಂದೆ ಸಿಕ್ಕಿಕೊಂಡು, ಅದರೊಡನೆ ಬಂದ ಉಪ್ಪು ಹರಳುಗಟ್ಟಿ, ಒಳಗಿನ ಇಟ್ಟಿಗೆ ಹಿಟ್ಟಾಗುತ್ತದೆ. ಹೊರಗೆ ಚಿಪ್ಪು ಗಟ್ಟಿಯಾಗಿ ಕಾಣುತ್ತಲೇ ಇರುತ್ತದೆ, ಒಂದು ದಿನ ಗೋಡೆಯ ಮೈಯನ್ನೇ ಕಿತ್ತುಕೊಂಡು ಬೀಳುವವರೆಗೆ. ಮಣ್ಣಿಗೆ ಮಣ್ಣೇ ಮದ್ದು. ಪುರಾತತ್ವಜ್ಞರಾದ ಡೇವಿಡ್ ಓಕಾನರ್, ಮ್ಯಾಥ್ಯೂ ಆಡಮ್ಸ್ ನೇತೃತ್ವದ ತಂಡಗಳು ಈ ಶತಮಾನದ ಆರಂಭದಿಂದ ಇಲ್ಲಿ ಮಾಡಿರುವುದೂ ಇದನ್ನೇ. ಸ್ಥಳೀಯ ಕೆಲಸಗಾರರು ಅಚ್ಚಿನಲ್ಲಿ ಇಟ್ಟಿಗೆ ತೆಗೆದು, ಬಿಸಿಲಿಗೆ ಒಣಗಿಸಿ, ಪೊಳ್ಳಾದ ಕಡೆ ವರಸೆ ವರಸೆಯಾಗಿ ತುಂಬಿದ್ದಾರೆ. ಉದ್ದೇಶ ಗೋಡೆಯನ್ನು ಹೊಸತು ಮಾಡುವುದಲ್ಲ, ಬೀಳದಂತೆ ಆತುಕೊಳ್ಳುವುದು. ಹತ್ತಿರದಿಂದ ನೋಡಿದರೆ ಹಳೆಯ ಇಟ್ಟಿಗೆಯ ಅಂಚು ಸವೆದು ಗುಂಡಗಾಗಿರುತ್ತದೆ, ಅಲ್ಲಲ್ಲಿ ಹುಲ್ಲು ಕೊಳೆತು ಹೋದ ಗೀರು; ಹೊಸದರ ಅಂಚು ಇನ್ನೂ ಚೂಪು. ‘ಅಂದಗೆಡಿಸಿದ್ದಾರೆ’ ಎಂದು ಅದನ್ನು ಹಳಿಯಬೇಡಿ. ಆ ತೇಪೆಯಿಲ್ಲದಿದ್ದರೆ ಮೇಲಿನ ಭಾಗ ಕುಸಿಯುತ್ತಿತ್ತು.

ನೀರು ಚೆಲ್ಲಬೇಡಿ. ಬಾಟಲಿಯಲ್ಲಿ ಉಳಿದದ್ದನ್ನು ಗೋಡೆಯ ಬುಡಕ್ಕೆ ಸುರಿಯುವುದು, ಮರೆಯೆಂದು ಅಲ್ಲಿ ಮೂತ್ರ ಮಾಡುವುದು, ಎರಡೂ ನಿಷಿದ್ಧ. ಟೂರ್ ಮ್ಯಾನೇಜರ್‌ಗಳು ಶೌಚದ ವ್ಯವಸ್ಥೆಯನ್ನು ಹೊರಡುವ ಮೊದಲೇ ಮುಗಿಸಿಕೊಂಡಿರಬೇಕು.

ಹೊಸ ಬಿರುಕು, ಹೊಸ ಕುಸಿತ, ಯಾರೋ ತೋಡಿದ ಗುಂಡಿ ಕಂಡರೆ ದೂರದಿಂದಲೇ ಫೋಟೋ ತೆಗೆದು ಗಫೀರ್‌ಗೆ ಅಥವಾ ಅಲ್ಲಿನ ಪುರಾತತ್ವ ಇನ್ಸ್‌ಪೆಕ್ಟರ್‌ಗೆ ಅಂದೇ ತೋರಿಸಿ. ಗುಂಡಿ ತೋಡಿದ ಜಾಗದ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ.