ಸಣ್ಣ ಕ್ಲಾರಿಯೋನೆಟ್ ಕೊಳ್ಳುವ ಮುನ್ನ



ಪ್ರಥಮ ಪಿಯುಸಿ ಭೌತಶಾಸ್ತ್ರದ ತರಂಗಗಳ ಪಾಠದಲ್ಲಿ 'ಒಂದು ತುದಿ ಮುಚ್ಚಿದ ಕೊಳವೆ' ಎಂಬ ಭಾಗ ಬರುತ್ತದೆ. ಹೆಚ್ಚಿನವರು ಅದನ್ನು ಪರೀಕ್ಷೆಗೆ ಬೇಕಾದಷ್ಟು ಓದಿ ಬಿಟ್ಟುಬಿಡುತ್ತೀರಿ. ದೀಪಾವಳಿ ರಜೆ ಮುಗಿದ ಮೇಲೆ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ಆ ಕೊಳವೆಯನ್ನೇ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟಾಫ್ ರೂಮಿಗೆ ಬಂದ.

"ಸರ್, ಇದು ನಮ್ಮ ದಾದಾಂದು. ಮದುವಿ ಬ್ಯಾಂಡಿನಾಗ ಊದತಿದ್ರು. ರಿಪೇರಿ ಮಾಡಿಸಿದ್ರ ನಡೀತದೇನ್ರಿ, ಇಲ್ಲಾ ಹೊಸದೇ ತಗೊಳ್ಳಲೇನ್ರಿ?"

ರಜೆಯಲ್ಲಿ ಸೋಯಾ ರಾಶಿಯ ಕೂಲಿಗೆ ಹೋಗಿ ಕೂಡಿಟ್ಟ ದುಡ್ಡು ಅವನ ಹತ್ತಿರ ಇತ್ತು. ಅದರಲ್ಲೇ ಸಿಇಟಿ ಪುಸ್ತಕಗಳೂ ಆಗಬೇಕು. ದಿನವೂ ಊದುವ ಇರಾದೆ ಅವನಿಗಿಲ್ಲ. ವಾರ್ಷಿಕೋತ್ಸವಕ್ಕೆ ಒಮ್ಮೆ, ಸಂಜೆ ಮನಸ್ಸಾದಾಗ ಒಮ್ಮೆ, ಅಷ್ಟೇ. ಹಾಗಾಗಿ ಪ್ರಶ್ನೆ ನಿಜವಾಗಿಯೂ ದುಡ್ಡಿನದಾಗಿತ್ತು. ಉತ್ತರ ಹುಡುಕುತ್ತ ಹೋದಾಗ ನಮ್ಮ ಪಠ್ಯವೇ ಕೈಹಿಡಿಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ತಂದದ್ದು ಇ-ಫ್ಲ್ಯಾಟ್ ಕ್ಲಾರಿಯೋನೆಟ್. ಎಲ್ಲೆಡೆ ಕಾಣುವ ಬಿ-ಫ್ಲ್ಯಾಟ್ ಸುಮಾರು 66 ಸೆಂ.ಮೀ. ಉದ್ದವಿದ್ದರೆ ಇದು ಸುಮಾರು 49 ಸೆಂ.ಮೀ. ದನಿ ಚುರುಕು, ಡೋಲು ತಾಷೆಗಳ ಗದ್ದಲವನ್ನು ಸೀಳಿಕೊಂಡು ಬರುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ, ಕಾಗದದ ಮೇಲೆ 'ಸಿ' ಎಂದು ಬರೆದದ್ದನ್ನು ಇದರಲ್ಲಿ ಊದಿದರೆ ಕಾಳಿ ಎರಡು ಕೇಳುತ್ತದೆ, ಬಿ-ಫ್ಲ್ಯಾಟ್‌ನಲ್ಲಿ ಕಾಳಿ ಐದು. ಹಾಡುವವರು ಕಾಳಿ ಒಂದರಲ್ಲಿ ಹಾಡಿದರೆ ಇ-ಫ್ಲ್ಯಾಟ್ ಊದುವವನು ತನ್ನ ಬಿ-ಫ್ಲ್ಯಾಟ್ ಬೆರಳನ್ನು ಷಡ್ಜ ಮಾಡಿಕೊಳ್ಳಬೇಕು. ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ: ನೀವು ಯಾರ ಜೊತೆ, ಯಾವ ಪಟ್ಟಿಯಲ್ಲಿ ನುಡಿಸುತ್ತೀರಿ?

ಈಗ ಕೊಳವೆಗೆ ಬರೋಣ. ಬಾಯಿಯಲ್ಲಿರುವ ರೀಡ್ ಒಂದು ತುದಿಯನ್ನು ಮುಚ್ಚಿದಂತೆ ವರ್ತಿಸುತ್ತದೆ, ಇನ್ನೊಂದು ತುದಿ ತೆರೆದಿದೆ. ಆದ್ದರಿಂದ ಮೂಲ ಆವೃತ್ತಿ ಎಫ್ = ವಿ/4ಎಲ್. ಇ-ಫ್ಲ್ಯಾಟ್‌ನ ಅತಿ ಕೆಳಗಿನ ಸ್ವರ 196 ಹರ್ಟ್ಜ್. 25 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್ ಎಂದುಕೊಂಡರೆ ಉದ್ದ ಸುಮಾರು 44 ಸೆಂ.ಮೀ. ಬರುತ್ತದೆ. ಕೊನೆಯಲ್ಲಿ ಬಾಯಿ ಅಗಲವಾಗುವ ಭಾಗವನ್ನು ಲೆಕ್ಕಕ್ಕೆ ಹಿಡಿದರೆ 49ಕ್ಕೆ ಇದು ಹತ್ತಿರವೇ. ಅಷ್ಟೇ ಉದ್ದದ ಕೊಳಲು, ಎರಡೂ ತುದಿ ತೆರೆದದ್ದು, ಒಂದು ಸಪ್ತಕ ಮೇಲೆ ನುಡಿಯುತ್ತದೆ.

ಮುಚ್ಚಿದ ಕೊಳವೆಯಲ್ಲಿ ಬೆಸ ಹಾರ್ಮೋನಿಕ್‌ಗಳು ಮಾತ್ರ: 1, 3, 5. ಕೊಳಲನ್ನು ಜೋರಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಷಡ್ಜ ಬರುತ್ತದೆ. ಕ್ಲಾರಿಯೋನೆಟ್‌ನಲ್ಲಿ ಎಡಗೈ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ತಾರ ಸಪ್ತಕದ ಪಂಚಮ ಬರುತ್ತದೆ. ನಡುವೆ ಉಳಿದ ಸ್ವರಗಳನ್ನು ತುಂಬಲೆಂದೇ ಅಷ್ಟೊಂದು ಕೀಗಳು. 1812ರ ಹೊತ್ತಿಗೆ ಇವಾನ್ ಮ್ಯೂಲರ್ 13 ಕೀಗಳ ವಾದ್ಯ ಮಾಡಿದ. ಇಂದಿನ ಬೋಮ್ ಪದ್ಧತಿಯನ್ನು ರೂಪಿಸಿದವರು ಪ್ಯಾರಿಸ್‌ನ ಕ್ಲೋಸೆ ಮತ್ತು ಬಫೆ, ಅದಕ್ಕೆ 1844ರಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಹಳೆಯ ಬ್ಯಾಂಡುಗಳಲ್ಲಿ ಕಾಣುವುದು ಹೆಚ್ಚಾಗಿ ಮ್ಯೂಲರ್‌ನ ಕಡೆಯಿಂದ ಬಂದ ಸರಳ, ಆಲ್ಬರ್ಟ್ ಪದ್ಧತಿ. ಎರಡರ ಬೆರಳುಗಳೂ ಬೇರೆ. ಕಲಿಸುವವರು ಯಾವುದನ್ನು ಬಲ್ಲರೋ ಅದನ್ನೇ ಕೊಳ್ಳಿ.

ದಾದಾ ಅವರ ವಾದ್ಯಕ್ಕೆ ಬರೋಣ. ಕರಿಮರದ ಮೈ ಹಾಗೇ ಇತ್ತು. ಪ್ಯಾಡುಗಳನ್ನು ಹುಳ ತಿಂದಿತ್ತು. ಮೇಲಿನ ನಾಲ್ಕೈದು ಸ್ವರ ಮಾತ್ರ ಹೊರಟವು, ಆದರೆ ಎಂಥ ದನಿ! ನಾನು "ಪ್ಯಾಡ್ ಹಾಕಿಸು, ಸಾಕು" ಎನ್ನುವವನಿದ್ದೆ. ಮೊಬೈಲಿನ ಟ್ಯೂನರ್ ಹಚ್ಚಿ ನೋಡಿದರೆ ಎಲ್ಲ ಸ್ವರವೂ ಅರ್ಧ ಸೆಮಿಟೋನಿನಷ್ಟು ಮೇಲೆ. ಮೈಮೇಲೆ ಸವೆದ ಅಕ್ಷರ ಎರಡು: ಎಚ್.ಪಿ. ಅಂದರೆ ಹೈ ಪಿಚ್. ಬ್ರಿಟಿಷ್ ಸೇನೆಯ ಬ್ಯಾಂಡುಗಳು 20ನೆಯ ಶತಮಾನದ ಮೊದಲ ದಶಕಗಳಲ್ಲೂ 'ಎ' ಸ್ವರವನ್ನು ಸುಮಾರು 452 ಹರ್ಟ್ಜ್‌ಗೆ ಇಟ್ಟುಕೊಂಡಿದ್ದವು. ಇಂದಿನದು 440. ವ್ಯತ್ಯಾಸ ಶೇ. 2.7. ಹಾಗೆಯೇ ಹೊಂದಿಸಿದ ಬ್ಯಾಂಡಿನ ನಡುವೆ ಇದು ಸರಿ, ಹಾರ್ಮೋನಿಯಂ ಪಕ್ಕದಲ್ಲಿ ಕಿವಿ ಮುಚ್ಚಿಕೊಳ್ಳಬೇಕು.

ಮೇಲಿನ ಬ್ಯಾರೆಲ್ ಎಳೆದು ಕೊಳವೆ ಉದ್ದ ಮಾಡಿದರೆ? ಹುಡುಗ ಕೇಳಿದ್ದು ಇದನ್ನೇ, ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿದೆವು. 44 ಸೆಂ.ಮೀ. ಕೊಳವೆ ಶೇ. 2.7 ಇಳಿಯಲು 12 ಮಿ.ಮೀ. ಎಳೆಯಬೇಕು. ಆದರೆ ಯಾವ ರಂಧ್ರವನ್ನೂ ಮುಚ್ಚದೆ ಊದುವ ಸ್ವರಕ್ಕೆ ಕೆಲಸ ಮಾಡುವ ಕೊಳವೆ ಸುಮಾರು 18.6 ಸೆಂ.ಮೀ. ಮಾತ್ರ. ಅದೇ 12 ಮಿ.ಮೀ. ಅದಕ್ಕೆ ಶೇ. 6.5 ಆಗುತ್ತದೆ. ಒಂದು ಸೆಮಿಟೋನೇ ಸುಮಾರು ಶೇ. 6. ಅಂದರೆ ಕೆಳಗಿನ ಸ್ವರ ಸರಿಹೋಗುವಷ್ಟರಲ್ಲಿ ಮೇಲಿನದು ಪಕ್ಕದ ಕೀಗೆ ಜಾರಿರುತ್ತದೆ. ರಿಪೇರಿಯ ದುಡ್ಡು ಪೂರಾ ನೀರಿಗೆ ಬೀಳುತ್ತಿತ್ತು. ಅವನು ಮಾತಾಡದೆ ವಾದ್ಯವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ.

ಹಾಗಾದರೆ ಏನು ಕೊಳ್ಳಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನೆಯೊಳಗೆ, ಹಾರ್ಮೋನಿಯಂ ಜೊತೆ ಅಪರೂಪಕ್ಕೆ ಊದುವವರಿಗೆ ಪ್ಲಾಸ್ಟಿಕ್ ಮೈಯ ಬಿ-ಫ್ಲ್ಯಾಟ್ ಸಾಕು. ಕಲಿಯುವವರಿಗಾಗಿಯೇ ಅದನ್ನು ಹೇರಳವಾಗಿ ಮಾಡುತ್ತಾರೆ, ರೀಡ್ ಸುಲಭವಾಗಿ ಸಿಗುತ್ತದೆ, ನಮ್ಮ ಬೇಸಿಗೆಯ ಒಣ ಹವೆಗೆ ಮರದಂತೆ ಬಿರುಕು ಬಿಡುವುದಿಲ್ಲ. ಇ-ಫ್ಲ್ಯಾಟ್ ಕೊಳ್ಳುವವರು ಕಡಿಮೆ. ಯಮಾಹಾ, ಬಫೆಯಂಥವರು ಅದನ್ನು ಮುಖ್ಯವಾಗಿ ವೃತ್ತಿಪರರಿಗೆ ಮಾಡುತ್ತಾರೆ, ಬೆಲೆ ಲಕ್ಷ ದಾಟುತ್ತದೆ. ಆದರೆ ಅವನಿಗೆ ದಾದಾ ಊದಿದ ಆ ಸಣ್ಣದೇ ಬೇಕಿತ್ತು. ಇಂಥವರಿಗೆ ಉಳಿದ ದಾರಿ ಮೀರತ್. ಅಲ್ಲಿನ ಜಾಲಿ ಕೋಠಿ ಬೀದಿ ದೇಶದ ಬ್ಯಾಂಡ್ ವಾದ್ಯಗಳ ತವರು. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಅಲ್ಲಿಯದೇ. ವಿದೇಶಿ ವಾದ್ಯದ ಒಂದು ಸಣ್ಣ ಪಾಲಿನ ಬೆಲೆಗೆ ಸಿಗುತ್ತವೆ. ಕೈಯಿಂದ ಮಾಡುವ ವಾದ್ಯ ಒಂದರಂತೆ ಇನ್ನೊಂದು ಇರುವುದಿಲ್ಲ, ಊದಿ ನೋಡದೆ ದುಡ್ಡು ಕೊಡಬೇಡಿ.

ನೋಡುವುದು ಹೀಗೆ. ಮೌತ್‌ಪೀಸ್ ತೆಗೆದು, ರಂಧ್ರಗಳನ್ನೆಲ್ಲ ಬೆರಳಿಂದ ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ ಗಾಳಿ ಎಳೆಯಿರಿ. ಒಳಗಿನ ನಿರ್ವಾತ ಕೆಲವು ಸೆಕೆಂಡು ನಿಂತರೆ ಪ್ಯಾಡ್ ಸರಿಯಿವೆ. ಆಮೇಲೆ ಅತಿ ಕೆಳಗಿನ ಸ್ವರ ಊದಿ, ರಿಜಿಸ್ಟರ್ ಕೀ ಒತ್ತಿ, ಬಂದ ಪಂಚಮವನ್ನು ಟ್ಯೂನರ್‌ನಲ್ಲಿ ನೋಡಿ. ಸಣ್ಣ ಕೊಳವೆಯಲ್ಲಿ ತಪ್ಪು ಬೇಗ ಎದ್ದು ಕಾಣುತ್ತದೆ. ದುಡ್ಡು ಸ್ವಲ್ಪ ಉಳಿದರೆ ಮೈಗಿಂತ ಮೊದಲು ಒಳ್ಳೆಯ ಮೌತ್‌ಪೀಸ್‌ಗೆ ಹಾಕಿ. ರೀಡ್ ಎರಡು ಅಥವಾ ಎರಡೂವರೆ ನಂಬರಿನಿಂದ ಶುರು ಮಾಡಿ. ಇ-ಫ್ಲ್ಯಾಟ್ ರೀಡ್ ಸಿಗದಿದ್ದಾಗ ಬಿ-ಫ್ಲ್ಯಾಟ್ ರೀಡಿನ ಬುಡ ಕತ್ತರಿಸಿ ಹೊಂದಿಸಿಕೊಳ್ಳುವವರೂ ಇದ್ದಾರೆ. ತುದಿಯನ್ನು ಮಾತ್ರ ಮುಟ್ಟಬಾರದು.

ಮದುವೆ ಬ್ಯಾಂಡಿನ ವಾದ್ಯವೆಂದು ಮೂಗು ಮುರಿಯುವವರು ನಮ್ಮ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಅವರ ಕ್ಲಾರಿಯೋನೆಟ್ ಕೇಳಬೇಕು. ಸಿದ್ಧರಾಮ ಜಂಬಲದಿನ್ನಿ ಅವರ ಬಳಿ ಕಲಿತು ಹಿಂದೂಸ್ತಾನಿ ರಾಗಗಳನ್ನು ಇದರಲ್ಲೇ ನುಡಿಸಿದವರು.

ಹುಡುಗನಿಗೆ ಭಾಲ್ಕಿ ಕಡೆಯ ಒಬ್ಬ ಬ್ಯಾಂಡ್ ಮಾಸ್ಟರರ ಬಳಿ ಬಳಸಿದ ಮೀರತ್ ಇ-ಫ್ಲ್ಯಾಟ್ ಸಿಕ್ಕಿತು. ಒಂದು ವಾರ ಮನೆಗೆ ಒಯ್ದು ಊದಿ ನೋಡಲು ಅವರು ಬಿಟ್ಟರು. ಗಾಳಿ ನಿಂತಿತು, ಪಂಚಮ ತುಸು ಮೇಲಿತ್ತು, ತುಟಿ ಸಡಿಲಿಸಿದರೆ ಇಳಿಯುತ್ತಿತ್ತು. ಪುಸ್ತಕಕ್ಕೂ ದುಡ್ಡು ಉಳಿಯಿತು. ಈಗಾಗಲೇ ಎರಡು ರೀಡ್ ಮುರಿದಿದ್ದಾನೆ. ಬಿಡುವಿನ ವೇಳೆಯಲ್ಲಿ ಲ್ಯಾಬಿನ ಹಿಂದೆ ಕೇಳುವ ಆ ಕೀರಲು ದನಿ ಅವನದೇ, ದಯವಿಟ್ಟು ಇನ್ನೊಂದು ತಿಂಗಳು ಸಹಿಸಿಕೊಳ್ಳಿ.