ಹೂವಿನ ನಾಡಿನ ಎರಡು ಮುಖಗಳು



ಫ್ಲಾರಿಡಾ ಎಂದೊಡನೆ ನಿಮ್ಮ ಕಣ್ಣೆದುರು ಏನು ಬರುತ್ತದೆ? ಬಿಸಿಲು, ಮರಳ ದಂಡೆ, ಕಿತ್ತಳೆ ತೋಟ, ಆಕಾಶಕ್ಕೆ ಚಿಮ್ಮುವ ರಾಕೆಟ್ಟು. ಅಮೆರಿಕದ ಈ ಬೆಚ್ಚನೆಯ ಕರಾವಳಿ ರಾಜ್ಯ ಎಷ್ಟು ಸಮತಟ್ಟೆಂದರೆ, ಅದರ ಅತಿ ಎತ್ತರದ ನೆಲವೂ ಸಮುದ್ರಮಟ್ಟದಿಂದ ಕೇವಲ 105 ಮೀಟರ್. ಅಲ್ಲಿನ ಕಿತ್ತಳೆ ಸಹ ಅಲ್ಲಿಯದಲ್ಲ, ಸ್ಪೇನಿನವರು ತಂದು ನೆಟ್ಟದ್ದು. ಆದರೆ ನಾವು ಕಲಿಯಬೇಕಾದ ಪಾಠ ಆ ನಾಡಿನ ಚರಿತ್ರೆಯಲ್ಲಿದೆ.

ಮೊದಲು ಹೆಸರನ್ನೇ ನೋಡಿ. 1513ರಲ್ಲಿ ಹ್ವಾನ್ ಪೋನ್ಸೆ ದೆ ಲಿಯೋನ್ ಈ ದಡವನ್ನು ಕಂಡದ್ದು ಪಾಸ್ಖ ಕಾಲದಲ್ಲಿ. ಸ್ಪೇನಿನವರು ಪುನರುತ್ಥಾನದ ಹಬ್ಬವನ್ನು 'ಪಾಸ್ಕುವಾ ಫ್ಲೋರಿದಾ', ಅಂದರೆ ಹೂವಿನ ಪಾಸ್ಖ ಎನ್ನುತ್ತಿದ್ದರು. ನಾಡಿನ ಹೆಸರು ಬಂದದ್ದು ಅಲ್ಲಿಂದ.

1565ರಲ್ಲಿ ಪೆದ್ರೊ ಮೆನೆಂದೆಸ್ ಎಂಬ ಸೇನಾಪತಿಗೆ ದಡ ಕಾಣಿಸಿದ್ದು ಆಗಸ್ಟ್ 28ರಂದು, ಸಂತ ಅಗಸ್ಟೀನರ ಹಬ್ಬದ ದಿನ. ಆದ್ದರಿಂದ ಊರಿಗೆ ಸಂತ ಅಗಸ್ಟೀನರ ಹೆಸರಾಯಿತು. ಅವನು ದಡಕ್ಕೆ ಇಳಿದದ್ದು ಸೆಪ್ಟೆಂಬರ್ 8ರಂದು. ನಮ್ಮ ಕರಾವಳಿಯ ಮನೆಗಳಲ್ಲಿ ಹೊಸ ತೆನೆ ತಂದು ಮೊಂತಿ ಹಬ್ಬ ಆಚರಿಸುವ, ಮಾತೆ ಮರಿಯಮ್ಮನವರ ಜನನೋತ್ಸವದ ದಿನ ಅದು! ಅಂದೇ ಫಾದರ್ ಫ್ರಾನ್ಸಿಸ್ಕೊ ಲೋಪೆಸ್ ಅಲ್ಲಿ ಬಲಿಪೂಜೆ ಅರ್ಪಿಸಿದರು. ಇಂಗ್ಲಿಷರು ಜೇಮ್ಸ್‌ಟೌನ್ ಕಟ್ಟಿದ್ದು 1607ರಲ್ಲಿ, ಎಂದರೆ 42 ವರ್ಷ ತಡವಾಗಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಐರೋಪ್ಯರು ನೆಲೆಸಿ ಇಂದಿಗೂ ಎಡೆಬಿಡದೆ ಜನವಾಸವಿರುವ ಅತಿ ಹಳೆಯ ಊರು ಸಂತ ಅಗಸ್ಟೀನ್. ಅಲ್ಲಿನ ಧರ್ಮಕೇಂದ್ರದ ದೀಕ್ಷಾಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳು 1594ರಿಂದ ಉಳಿದುಬಂದಿವೆ.

ಇಷ್ಟಕ್ಕೇ ನಿಲ್ಲಿಸಿದರೆ ನಮಗೆ ಹೆಮ್ಮೆ. ಆದರೆ ಅರ್ಧ ಸತ್ಯ ಸತ್ಯವಲ್ಲ. ಅದೇ ಶರತ್ಕಾಲದಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗೊಡೆದು ದಡ ಸೇರಿದ ಫ್ರೆಂಚರು, ಬಹುಪಾಲು ಪ್ರೊಟೆಸ್ಟೆಂಟರು, ಮೆನೆಂದೆಸನಿಗೆ ಶರಣಾದರು. ಕ್ಯಾಥೋಲಿಕರೆಂದವರನ್ನೂ ಕೆಲವು ಕಸುಬುದಾರರನ್ನೂ ಬಿಟ್ಟು, 200ಕ್ಕೂ ಹೆಚ್ಚು ಜನರನ್ನು ಕೊಲ್ಲಿಸಲಾಯಿತು. ಆ ಅಳಿವೆಗೆ ಇಂದಿಗೂ 'ಮತಾನ್ಸಾಸ್' ಎಂದೇ ಹೆಸರು, ಕಗ್ಗೊಲೆಗಳು ಎಂದರ್ಥ. ಬಲಿಪೂಜೆಯ ನೆನಪೂ ನೆತ್ತರಿನ ನೆನಪೂ ಒಂದೇ ಕರಾವಳಿಯಲ್ಲಿ ಕೆಲವೇ ಮೈಲಿ ದೂರದಲ್ಲಿವೆ.

ಇನ್ನೊಂದು ಮುಖವೂ ಉಂಟು. ಇಂಗ್ಲಿಷರ ಕ್ಯಾರೊಲೈನಾದಿಂದ ಕರಿಯ ಗುಲಾಮರು ಕಾಡು, ಜೌಗುಗಳನ್ನು ದಾಟಿ ದಕ್ಷಿಣಕ್ಕೆ ಓಡಿಬರುತ್ತಿದ್ದರು. ಕ್ಯಾಥೋಲಿಕ ವಿಶ್ವಾಸ ಸ್ವೀಕರಿಸಿದವರಿಗೆ ಬಿಡುಗಡೆ ಎಂದು ಸ್ಪೇನಿನ ದೊರೆ 1693ರಲ್ಲಿ ಆಜ್ಞೆ ಹೊರಡಿಸಿದನು. 1738ರಲ್ಲಿ ಅವರಿಗಾಗಿಯೇ ಫೋರ್ಟ್ ಮೋಸೆ ಎಂಬ ನೆಲೆ ಎದ್ದಿತು. ಇಂದಿನ ಅಮೆರಿಕದ ನೆಲದಲ್ಲಿ ಕಾನೂನಿನ ಮನ್ನಣೆ ಪಡೆದ ಮೊದಲ ಸ್ವತಂತ್ರ ಕರಿಯರ ಊರು ಅದು. ತಾವೂ ಗುಲಾಮರಾಗಿದ್ದ ಫ್ರಾನ್ಸಿಸ್ಕೊ ಮೆನೆಂದೆಸ್ ಅಲ್ಲಿನ ಪಡೆಯ ನಾಯಕರು. 1763ರಲ್ಲಿ ಫ್ಲಾರಿಡಾ ಬ್ರಿಟಿಷರ ಪಾಲಾದಾಗ ಅಲ್ಲಿಯ ಜನ ಕ್ಯೂಬಾಕ್ಕೆ ಹೊರಟುಹೋದರು.

ಇಲ್ಲಿಯೂ ಕಣ್ಣು ತೆರೆದೇ ನೋಡೋಣ. ಆಶ್ರಯ ಕೊಟ್ಟ ಸ್ಪೇನಿನವರ ಮನೆಗಳಲ್ಲಿಯೂ ಗುಲಾಮರಿದ್ದರು. ವೈರಿಯನ್ನು ಕುಗ್ಗಿಸುವ ಲೆಕ್ಕಾಚಾರವೂ ಆ ಆಜ್ಞೆಯಲ್ಲಿತ್ತು. ಅಲ್ಲದೆ, ಮತ ಬದಲಿಸಿದರೆ ಮಾತ್ರ ಬಿಡುಗಡೆ ಎನ್ನುವುದು ಪೂರ್ಣ ನ್ಯಾಯವೇ? ಬಿಡುಗಡೆ ಮನುಷ್ಯನ ಹಕ್ಕು. ವಿಶ್ವಾಸ ಅವನು ಮನಸಾರೆ ಕೊಡುವ ಉತ್ತರ. ಒಂದನ್ನು ಇನ್ನೊಂದಕ್ಕೆ ಬೆಲೆಯಾಗಿ ಕೇಳಿದರೆ ಎರಡೂ ಕೆಡುತ್ತವೆ.

ಮತಾನ್ಸಾಸ್ ಕಳೆದು ಸರಿಯಾಗಿ 400 ವರ್ಷಗಳಿಗೆ, 1965ರ ಡಿಸೆಂಬರ್ 7ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರತಂದಿತು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದು. ಈ ಹಕ್ಕಿನ ಬುಡ ಮನುಷ್ಯನ ಘನತೆಯಲ್ಲೇ ಇದೆ ಎಂದು ಅದು ಸಾರಿತು. ಪವಿತ್ರ ಸಭೆ ತನ್ನ ಚರಿತ್ರೆಯ ಗಾಯಗಳನ್ನು ಮುಚ್ಚಿಡದೆ ನೋಡಿದಾಗಲೇ ಇಂಥ ಮಾತು ತೂಕ ಪಡೆಯುತ್ತದೆ.

ಆದ್ದರಿಂದ ಮಕ್ಕಳಿಗೆ ಚರಿತ್ರೆ ಹೇಳುವಾಗ ನಮ್ಮವರ ಒಳಿತನ್ನೂ ಹೇಳಿ, ನಮ್ಮವರ ತಪ್ಪನ್ನೂ ಹೇಳಿ. ಹೊಗಳಿಕೆಯಷ್ಟೇ ಕೇಳಿ ಬೆಳೆದ ವಿಶ್ವಾಸ ಮೊದಲ ಪ್ರಶ್ನೆಗೇ ಅಲುಗಾಡುತ್ತದೆ.

ಮನೆಯಲ್ಲಿ ಕೂಡಿ ಆಲೋಚಿಸಲು:

1. ನಮ್ಮ ಊರಿನ, ನಮ್ಮ ಕುಟುಂಬದ ಚರಿತ್ರೆಯಲ್ಲಿ ನಾವು ಹೇಳದೆ ಬಿಡುವ ಮಾತು ಯಾವುದು?

2. ನಮ್ಮಲ್ಲಿ ಆಸರೆ ಕೇಳಿ ಬಂದವರಿಗೆ ನಾವು ಯಾವ ಷರತ್ತು ಹಾಕುತ್ತೇವೆ?